ಗೋಸುಂಬೆಯ ಚಿಕಿತ್ಸೆ: ಕ್ಲಿನಿಕ್‌ನಲ್ಲಿ ಒಂದು ಗಂಟೆ, ಮನೆಯಲ್ಲಿ ಮೂರು ವಾರ

ಕಳೆದ ಜನವರಿಯ ಎರಡನೆಯ ವಾರದಲ್ಲಿ ನಮ್ಮ ಮನೆಯ ಗೋಸುಂಬೆ ಮಟಮಟ ಮಧ್ಯಾಹ್ನ ಕಣ್ಣು ಮುಚ್ಚಿಕೊಂಡು ಕೂರತೊಡಗಿತು. ಈ ಪ್ರಾಣಿಯನ್ನು ಸಾಕಿದವರಿಗೆ ಇದರ ಅರ್ಥ ಕೂಡಲೇ ತಿಳಿಯುತ್ತದೆ. ಆರೋಗ್ಯವಾಗಿರುವ ಗೋಸುಂಬೆ ದೀಪ ಆರುವವರೆಗೂ ಕಣ್ಣು ಮುಚ್ಚುವುದಿಲ್ಲ. ಒಂದು ಕಣ್ಣನ್ನು ಬಾಗಿಲಿನತ್ತ, ಇನ್ನೊಂದನ್ನು ಹುಳುವಿನ ಬಟ್ಟಲಿನತ್ತ ತಿರುಗಿಸಿಕೊಂಡು ಇಡೀ ಕೋಣೆಯನ್ನು ಕಾಯುತ್ತಿರುತ್ತದೆ. ಮರುದಿನ ಅದರ ಮುಂಗಾಲಿನ ಹಿಡಿತ ಸಡಿಲವಾಗಿ ಕೊಂಬೆಯಿಂದ ಒಮ್ಮೆ ಜಾರಿತು, ಬಾಯಿ ಅರೆ ತೆರೆದು ಉಸಿರಾಡುವಾಗ ‘ಟಿಕ್’ ಎಂಬ ಸಣ್ಣ ಸದ್ದು ಕೇಳಿಸಿತು. ಅಂದೇ ಸಂಜೆ ಡಲ್ಲಾಸ್ ಹೊರವಲಯದ ನಮ್ಮ ಮನೆಯಿಂದ 40 ನಿಮಿಷದ ದಾರಿಯಲ್ಲಿರುವ, ಸರೀಸೃಪಗಳನ್ನೂ ಹಕ್ಕಿಗಳನ್ನೂ ನೋಡುವ ಒಂದು ಪಶುವೈದ್ಯ ಕ್ಲಿನಿಕ್‌ನಲ್ಲಿ ಸಮಯ ಗೊತ್ತುಮಾಡಿಕೊಂಡೆವು. ಈ ವಿಮರ್ಶೆ ಆ ಕ್ಲಿನಿಕ್‌ನದು. ಹೊಗಳಿಕೆಯ ಜೊತೆಗೆ ಮೂರು ದೂರುಗಳೂ ಇರುವುದರಿಂದ, ಅವನ್ನು ಅವರಿಗೇ ನೇರವಾಗಿ ಬರೆದು ತಿಳಿಸಿಯೂ ಇರುವುದರಿಂದ, ಹೆಸರನ್ನು ಇಲ್ಲಿ ಹಾಕುತ್ತಿಲ್ಲ.

ನಮ್ಮದು ವೇಲ್ಡ್ ಕಮೀಲಿಯನ್ ಜಾತಿಯ ಹೆಣ್ಣು, ಆಗ 14 ತಿಂಗಳ ಪ್ರಾಯ. ಯೆಮನ್ ಮತ್ತು ಸೌದಿ ಅರೇಬಿಯಾ ಮೂಲದ ಈ ಜಾತಿಯನ್ನು ಅಮೆರಿಕದಲ್ಲಿ ಸಾಕಣೆಯಲ್ಲೇ ಮರಿ ಮಾಡಿಸಿ ಮಾರುತ್ತಾರೆ. ತಲೆಯ ಮೇಲೆ ಕಿರೀಟದಂಥ ಏಣು, ಎಳೆ ಎಲೆಯ ಹಸಿರು ಮೈ. ಮಗಳು ಅದಕ್ಕೆ ಪಚ್ಚೆ ಎಂದು ಹೆಸರಿಟ್ಟಿದ್ದಾಳೆ. ಈ ಸುದ್ದಿಯನ್ನು ಫೋನಿನಲ್ಲಿ ಕೇಳಿದ ಚನ್ನರಾಯಪಟ್ಟಣದ ನನ್ನ ತಂದೆಯವರು, “ಬೇಲಿ ಮೇಲಿರೋ ಗೋಸುಂಬೆಗೂ ಎಕ್ಸ್-ರೇ ತೆಗೀತಾರೇನಪ್ಪ ಅಲ್ಲಿ?” ಎಂದು ನಕ್ಕರು. ನಮ್ಮ ಕಡೆಯ ಬೇಲಿಯ ಗೋಸುಂಬೆ ಬೇರೆ ಜಾತಿ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿರುವಂಥದ್ದು, ಅದನ್ನು ಹಿಡಿದು ಸಾಕುವಂತಿಲ್ಲ ಎಂಬುದನ್ನು ಅವರಿಗೆ ವಿವರಿಸಿದೆ. ಊರಿನಲ್ಲಿ ಎಷ್ಟೋ ಜನ ಓತಿಕ್ಯಾತವನ್ನೇ ಗೋಸುಂಬೆ ಎಂದುಕೊಂಡು ಇಬ್ಬರಿಗೂ ಕಲ್ಲು ಹೊಡೆಯುತ್ತಾರೆ; ಅದು ಬೇರೆ ಕತೆ.

ಗೋಸುಂಬೆಯ ವೈದ್ಯರನ್ನು ಅಳೆಯುವ ಕೋಲು ನಾಯಿಬೆಕ್ಕಿನ ವೈದ್ಯರನ್ನು ಅಳೆಯುವ ಕೋಲಲ್ಲ ಎಂಬುದು ಈ ಮೂರು ವಾರಗಳಲ್ಲಿ ನನಗೆ ಮನವರಿಕೆಯಾಯಿತು. ಹೊಸ ಜಾಗ, ಹೊಸ ಮುಖ, ಮುಟ್ಟುವ ಕೈ ಇವೆಲ್ಲ ಈ ಪ್ರಾಣಿಯನ್ನು ಇನ್ನಷ್ಟು ಕುಗ್ಗಿಸುವುದರಿಂದ, ತೀರಾ ವಿಷಮಿಸದ ಹೊರತು ಅದನ್ನು ಆಸ್ಪತ್ರೆಯಲ್ಲಿ ಉಳಿಸಿಕೊಳ್ಳದೆ ಮನೆಗೇ ಕಳಿಸುತ್ತಾರೆ. ಚುಚ್ಚುವುದು, ಕುಡಿಸುವುದು, ತೂಗುವುದು ಎಲ್ಲವೂ ಮನೆಯವರ ಕೈಗೇ ಬರುತ್ತದೆ. ಆದ್ದರಿಂದ ಒಳಗಿನ ಕೋಣೆಯಲ್ಲಿ ವೈದ್ಯರು ಎಷ್ಟು ಜಾಣರು ಎಂಬುದಕ್ಕಿಂತ, ಬಾಗಿಲು ದಾಟುವಾಗ ನಮ್ಮ ಕೈಗೆ ಏನನ್ನು ಕೊಟ್ಟು, ಏನನ್ನು ಕಲಿಸಿ ಕಳಿಸಿದರು ಎಂಬುದರ ಮೇಲೆಯೇ ಅಂಕ ಹಾಕಬೇಕು.

ಆ ಲೆಕ್ಕದಲ್ಲಿ ಈ ಕ್ಲಿನಿಕ್ ಹೋಗುವ ಮುನ್ನವೇ ಅಂಕ ಗಳಿಸಿತು. ಸರೀಸೃಪ ಮತ್ತು ಉಭಯಚರ ವೈದ್ಯರ ಸಂಘವಾದ ಎಆರ್‌ಎವಿ ತನ್ನ ಜಾಲತಾಣದಲ್ಲಿ ಸದಸ್ಯರ ಪಟ್ಟಿ ಕೊಡುತ್ತದೆ. ನಾವು ಇವರನ್ನು ಕಂಡುಕೊಂಡದ್ದು ಅಲ್ಲಿಯೇ. ಫೋನೆತ್ತಿದ ಸಹಾಯಕಿ ಸಮಯ ಕೊಟ್ಟು ಇಟ್ಟುಬಿಡಲಿಲ್ಲ. ಪಂಜರದ ಫೋಟೋ ನಾಲ್ಕು ದಿಕ್ಕಿನಿಂದಲೂ ತೆಗೆದು ತನ್ನಿ, ಹುಳುವಿಗೆ ಹಚ್ಚುವ ಪುಡಿಗಳ ಡಬ್ಬಿಗಳನ್ನು ತನ್ನಿ, ಬಿಸಿಲಿನ ಬದಲಿಗೆ ಅತಿನೇರಳೆ ಕಿರಣ ಕೊಡುವ ಯುವಿಬಿ ಟ್ಯೂಬನ್ನು ಅದರ ಪಟ್ಟಿಯ ಸಮೇತ ಬಿಚ್ಚಿ ತನ್ನಿ, ಕೊನೆಯ ಬಾರಿಯ ಮಲವನ್ನು ಒಂದು ಪುಟ್ಟ ಚೀಲದಲ್ಲಿ ಹಾಕಿ ತನ್ನಿ ಎಂದು ಒಂದೊಂದಾಗಿ ಬರೆಸಿದರು. ದಾರಿಯಲ್ಲಿ ಹಿಡಿದುಕೊಳ್ಳಲು ಪೆಟ್ಟಿಗೆಯೊಳಗೆ ಅಡ್ಡಕ್ಕೊಂದು ಕೊಂಬೆ ಕಟ್ಟಿ, ಮೇಲೆ ಟವಲ್ ಹೊದಿಸಿ, ಕಾರನ್ನು ಮೊದಲೇ ಬೆಚ್ಚಗೆ ಮಾಡಿಟ್ಟುಕೊಳ್ಳಿ ಎಂಬ ಸಲಹೆಯನ್ನೂ ಕೊಟ್ಟರು.

ಮೊದಲ ದೂರು ಕಾಯುವ ಕೋಣೆಯದು. ಇಷ್ಟೆಲ್ಲ ಮುತುವರ್ಜಿ ವಹಿಸಿದ ಕ್ಲಿನಿಕ್‌ನಲ್ಲಿ ನಾಯಿಗಳಿಗೂ ಬೇರೆ ಪ್ರಾಣಿಗಳಿಗೂ ಒಂದೇ ಕೋಣೆ. ಸಮಯ ಗೊತ್ತುಮಾಡಿಕೊಂಡು ಹೋಗಿದ್ದರೂ 35 ನಿಮಿಷ ಕೂತೆವು, ಪಕ್ಕದಲ್ಲಿ ಹಗ್ಗ ಜಗ್ಗುತ್ತಿದ್ದ ಒಂದು ದಢೂತಿ ನಾಯಿ. ಟವಲಿನ ಅಂಚನ್ನು ಎತ್ತಿ ನೋಡಿದಾಗ ಪಚ್ಚೆಯ ಹಸಿರು ಪೂರ್ತಿ ಅಡಗಿ, ಮೈಮೇಲೆಲ್ಲ ಒದ್ದೆ ಮಣ್ಣಿನ ಕಪ್ಪು ಹರಡಿತ್ತು. ಗೋಸುಂಬೆ ಕೂತ ಜಾಗದ ಬಣ್ಣಕ್ಕೆ ತಿರುಗುತ್ತದೆ ಎಂದು ನಾವೆಲ್ಲ ನಂಬಿಕೊಂಡು ಬಂದವರು. ನಿಜವಾಗಿ ಅದರ ಬಣ್ಣ ಅದರ ಭಯ, ಸಿಟ್ಟು, ಚಳಿ ಮತ್ತು ಕಾಯಿಲೆಗಳ ಪಟ್ಟಿ. ಕಾರಿನಲ್ಲೇ ಕೂತಿರಿ, ಸರದಿ ಬಂದಾಗ ಕರೆಯುತ್ತೇವೆ ಎಂದು ಒಂದು ಮಾತು ಹೇಳಿದ್ದರೆ ಆ 35 ನಿಮಿಷ ತಪ್ಪುತ್ತಿತ್ತು.

ಒಳಗೆ ಕರೆದ ಮೇಲಿನ ಒಂದು ಗಂಟೆಯಲ್ಲಿ ಮಾತ್ರ ಹುಳುಕು ಹುಡುಕಲು ನನಗೆ ಏನೂ ಸಿಗಲಿಲ್ಲ. ವೈದ್ಯೆಯವರು ಪಚ್ಚೆಯನ್ನು ಹಿಡಿದೆತ್ತಲಿಲ್ಲ. ಪೆಟ್ಟಿಗೆಯ ಬಾಗಿಲ ಬಳಿ ತಮ್ಮ ತೋಳನ್ನು ಕೊಂಬೆಯಂತೆ ಚಾಚಿ, ಅದು ತಾನಾಗಿ ಹಿಂದೆಮುಂದೆ ತೂಗುತ್ತ ಅಂಗಿಯ ತೋಳಿನ ಮೇಲೆ ಹತ್ತುವವರೆಗೆ ಸುಮ್ಮನೆ ನಿಂತರು. ಹಾಗೆ ಹತ್ತುವಾಗಲೇ ಯಾವ ಕಾಲು ಬಾಗುತ್ತಿದೆ, ಯಾವುದರ ಹಿಡಿತ ಸಡಿಲ ಎಂಬುದನ್ನು ನೋಡಿಕೊಂಡಾಗಿತ್ತು. ತಕ್ಕಡಿಯ ಮೇಲೆ ಒಂದು ಕೋಲಿಟ್ಟು, ಶೂನ್ಯ ಮಾಡಿ, ಅದರ ಮೇಲೆ ಕೂರಿಸಿ ತೂಗಿದರು: 86 ಗ್ರಾಂ. ನವೆಂಬರಿನಲ್ಲಿ ನಮ್ಮ ಅಡುಗೆಮನೆಯ ತಕ್ಕಡಿ 97 ತೋರಿಸಿತ್ತು. ಬಳಿಕ ಕೆಳದವಡೆಯನ್ನು ಎರಡು ಬೆರಳುಗಳ ನಡುವೆ ಮೆಲ್ಲಗೆ ಒತ್ತಿ ನೋಡಿದರು. ಗಟ್ಟಿಯಾಗಿರಬೇಕಾದ ಮೂಳೆ ಕೊಂಚ ಬಾಗಿತು. ಸಿಟ್ಟಿಗೆದ್ದು ಪಚ್ಚೆ ಬಾಯಿ ತೆರೆದು ಬುಸುಗುಟ್ಟಿದ ಆ ಎರಡು ಕ್ಷಣಗಳಲ್ಲೇ ಟಾರ್ಚು ಬಿಟ್ಟು, ಅಂಗುಳಿನಿಂದ ನಾಲಿಗೆಯವರೆಗೆ ಎಳೆ ಎಳೆಯಾಗಿ ಹಬ್ಬಿದ್ದ ಲೋಳೆಯನ್ನು ನಮಗೂ ತೋರಿಸಿದರು. ಹೆಣ್ಣು ಗೋಸುಂಬೆ ಗಂಡಿನ ಸಂಗವಿಲ್ಲದೆಯೂ ಮೊಟ್ಟೆ ತುಂಬಿಕೊಳ್ಳುತ್ತದೆ, ಅದು ಒಳಗೇ ಸಿಕ್ಕಿಕೊಂಡರೆ ಪ್ರಾಣಕ್ಕೇ ಅಪಾಯ. ಆದ್ದರಿಂದ ಮೊದಲು ಎಕ್ಸ್-ರೇ ತೆಗೆದು ಮೊಟ್ಟೆಯಿಲ್ಲವೆಂದು ಖಾತ್ರಿ ಮಾಡಿಕೊಂಡರು. ಮೊಟ್ಟೆ ಇರಲಿಲ್ಲ, ಆದರೆ ಮೂಳೆಗಳು ಹೊಗೆಯ ಗೆರೆಗಳಂತೆ ಮಸುಕಾಗಿದ್ದವು. ಬಾಲದ ಅಡಿಯ ರಕ್ತನಾಳದಿಂದ ಒಂದೆರಡು ಹನಿ ರಕ್ತ ತೆಗೆದು ಪರೀಕ್ಷಿಸಿದಾಗ ಕ್ಯಾಲ್ಸಿಯಂ ಕಡಿಮೆ ಬಂತು. ಕ್ಯಾಲ್ಸಿಯಂ ಕೊರತೆಯಿಂದ ಮೂಳೆ ಸವೆತ, ಅದರ ಮೇಲೆ ಶ್ವಾಸನಾಳದ ಸೋಂಕು, ಎರಡೂ ಒಟ್ಟಿಗೆ.

ಇನ್ನು ಕಾರಣ. ಈ ಕ್ಲಿನಿಕ್‌ನ ನಿಜವಾದ ಬೆಲೆ ಇಲ್ಲಿದೆ ಎಂದು ನನ್ನ ಅನಿಸಿಕೆ, ಏಕೆಂದರೆ ಔಷಧ ಬರೆದುಕೊಡುವ ಮುನ್ನ ಅವರು ನಮ್ಮ ಪಂಜರಕ್ಕೆ ಚಿಕಿತ್ಸೆ ಶುರು ಮಾಡಿದರು. ನಾವು ಬಿಚ್ಚಿಕೊಂಡು ಹೋಗಿದ್ದ ಟ್ಯೂಬನ್ನು ಅಲ್ಲೇ ಉರಿಸಿ, ಸೋಲಾರ್‌ಮೀಟರ್ 6.5 ಎಂಬ ಕೈಮಾಪಕವನ್ನು ಪಚ್ಚೆ ಮೈ ಕಾಯಿಸುವ ಕೊಂಬೆಯಷ್ಟು ದೂರದಲ್ಲಿ ಹಿಡಿದರು. ಅಲ್ಲಿ ಯುವಿ ಸೂಚ್ಯಂಕ 3ರ ಆಸುಪಾಸು ಇರಬೇಕು, ಬಂದದ್ದು 0.8. ಟ್ಯೂಬು ಕಣ್ಣಿಗೆ ಹೊಸದರಂತೆಯೇ ಬೆಳಗುತ್ತಿತ್ತು. ವರ್ಷವೊಂದು ಕಳೆದ ಮೇಲೆ ಕಾಣುವ ಬೆಳಕು ಉಳಿದಿದ್ದರೂ ಕಾಣದ ಯುವಿಬಿ ಕುಂದಿರುತ್ತದೆ. ನಮ್ಮದಕ್ಕೆ 14 ತಿಂಗಳು, ಪಚ್ಚೆಯಷ್ಟೇ ವಯಸ್ಸು. ಯುವಿಬಿ ಇಲ್ಲದಿದ್ದರೆ ಚರ್ಮದಲ್ಲಿ ಡಿ3 ಜೀವಸತ್ವ ತಯಾರಾಗುವುದಿಲ್ಲ, ಡಿ3 ಇಲ್ಲದಿದ್ದರೆ ಹುಳುವಿಗೆ ಎಷ್ಟು ಕ್ಯಾಲ್ಸಿಯಂ ಪುಡಿ ಹಚ್ಚಿ ತಿನ್ನಿಸಿದರೂ ಕರುಳು ಅದನ್ನು ಹೀರಿಕೊಳ್ಳುವುದಿಲ್ಲ, ಆಗ ದೇಹ ತನ್ನ ಮೂಳೆಯಿಂದಲೇ ಕ್ಯಾಲ್ಸಿಯಂ ಎರವಲು ತರುತ್ತದೆ. ಸೋಂಕಿನ ಕಾರಣವನ್ನು ಫೋಟೋ ನೋಡಿಯೇ ಹೇಳಿದರು. ಡಿಸೆಂಬರಿನ ಚಳಿಗೆಂದು ನಾನು ಜಾಲರಿಯ ಪಂಜರದ ಮೂರು ಬದಿಗೆ ಸ್ನಾನದ ಮನೆಯ ಪ್ಲಾಸ್ಟಿಕ್ ಪರದೆ ಸುತ್ತಿದ್ದೆ. ದಿನಕ್ಕೆ ಆರು ಬಾರಿ ನೀರು ಸಿಂಪಡಿಸುವ ಯಂತ್ರದ ತೇವ ಹೊರಹೋಗಲು ದಾರಿಯಿಲ್ಲದೆ, ಒಳಗಿನ ಗಾಳಿ ಮಳೆಗಾಲದ ಮುಚ್ಚಿದ ಕೋಣೆಯಂತಾಗಿತ್ತು. ನಿಮ್ಮ ತಪ್ಪು ಎಂಬ ಧ್ವನಿ ಅವರ ಮಾತಿನಲ್ಲಿ ಎಲ್ಲೂ ಬರಲಿಲ್ಲ. ಅವರು ಹೇಳದಿದ್ದರೂ ತಪ್ಪು ನನ್ನದೇ.

ಅಂದು ಅಲ್ಲಿಯೇ ಚರ್ಮದಡಿಗೆ ಸಲೈನ್ ಜೊತೆ ಕ್ಯಾಲ್ಸಿಯಂ ಕೊಟ್ಟರು. ಮನೆಗೆ ಕೊಟ್ಟದ್ದು ಸೆಫ್ಟಾಜಿಡಿಮ್ ಎಂಬ ಪ್ರತಿಜೀವಕ ತುಂಬಿದ ಪುಟ್ಟ ಸಿರಿಂಜುಗಳು, ಮೂರು ದಿನಕ್ಕೊಂದರಂತೆ ಒಟ್ಟು ಏಳು ಡೋಸು. ಮತ್ತು ದಿನವೂ ಬಾಯಿಗೆ ಹಾಕುವ ಕ್ಯಾಲ್ಸಿಯಂ ದ್ರವ. ಡೋಸು ಪಚ್ಚೆಯ ತೂಕಕ್ಕೆ ಲೆಕ್ಕ ಹಾಕಿದ್ದಾದ್ದರಿಂದ ಅಳತೆಯನ್ನು ಇಲ್ಲಿ ಬರೆದು ಬೇರೆಯವರನ್ನು ದಾರಿ ತಪ್ಪಿಸುವುದಿಲ್ಲ. ಕಲಿಸಿದ ಕ್ರಮವನ್ನು ಮಾತ್ರ ಬರೆಯಲೇಬೇಕು. ಸಹಾಯಕಿ ಮೊದಲು ನನ್ನ ಹೆಂಡತಿಯ ಕೈಗೆ ಒಂದು ಕಿತ್ತಳೆ ಹಣ್ಣನ್ನೂ ಬರೀ ಸಲೈನ್ ಇದ್ದ ಸಿರಿಂಜನ್ನೂ ಕೊಟ್ಟು ಐದಾರು ಬಾರಿ ಚುಚ್ಚಿಸಿದರು. ಆಮೇಲೆ ಮೊದಲ ನಿಜವಾದ ಡೋಸನ್ನು ಅಲ್ಲಿಯೇ, ತಮ್ಮ ಕಣ್ಣೆದುರಿಗೇ ಅವಳ ಕೈಯಲ್ಲಿ ಹಾಕಿಸಿದರು. ಸರೀಸೃಪಗಳ ಹಿಂಭಾಗದ ರಕ್ತ ಹೃದಯಕ್ಕೆ ಮರಳುವ ಮುನ್ನ ಮೂತ್ರಪಿಂಡದ ಹಾದಿಯಲ್ಲಿ ಹೋಗಬಹುದಾದ್ದರಿಂದ, ಔಷಧವನ್ನು ಯಾವಾಗಲೂ ಮೈಯ ಮುಂದಿನ ಅರ್ಧದಲ್ಲೇ ಚುಚ್ಚಬೇಕು, ಒಮ್ಮೆ ಎಡ ತೋಳು, ಮುಂದಿನ ಬಾರಿ ಬಲ ತೋಳು. ಕೈಗೆ ಕೊಟ್ಟ ನಾಲ್ಕು ಪುಟಗಳ ಸೂಚನಾಪತ್ರದಲ್ಲಿ ಆ ಜಾಗದ ಫೋಟೋ, ತಾರೀಖುವಾರು ಕೋಷ್ಟಕ, ತೂಕ ಬರೆಯಲು ಖಾಲಿ ಮನೆ, ಎಲ್ಲವೂ ಇದ್ದವು.

ಉಳಿದ ಆರು ಸಿರಿಂಜುಗಳು ನಮ್ಮ ಫ್ರೀಜರಿನಲ್ಲಿ, ತುರಿದ ಕಾಯಿಯ ಪೊಟ್ಟಣದ ಪಕ್ಕದಲ್ಲಿ ಒಂದು ಡಬ್ಬಿಯೊಳಗೆ ಕೂತವು. ಈ ಔಷಧ ಕರಗಿಸಿದ ಮೇಲೆ ಹೆಚ್ಚು ದಿನ ಉಳಿಯುವುದಿಲ್ಲ, ಹೆಪ್ಪುಗಟ್ಟಿಸಿಟ್ಟರೆ ಬಾಳುತ್ತದೆ. ಚುಚ್ಚುವ ದಿನ ಬೆಳಿಗ್ಗೆ ಒಂದನ್ನು ತೆಗೆದು ಮುಷ್ಟಿಯೊಳಗೆ ಹಿಡಿದು ಕರಗಿಸಬೇಕು; ಬಿಸಿನೀರು, ಮೈಕ್ರೋವೇವ್ ಕೂಡದು. ಅಷ್ಟರಲ್ಲಿ ಪಚ್ಚೆ ದೀಪದಡಿ ಅರ್ಧ ಗಂಟೆ ಮೈ ಕಾಯಿಸಿಕೊಂಡಿರಬೇಕು, ಮೈ ತಣ್ಣಗಿದ್ದರೆ ಔಷಧ ಹರಡುವುದೂ ನಿಧಾನ. ಪಂಜರದೊಳಗೆ ಕೈಹಾಕಿ ಚುಚ್ಚಿದರೆ ಆ ಜಾಗದ ಮೇಲಿನ ನಂಬಿಕೆಯೇ ಹೋಗುತ್ತದೆ ಎಂದು ಎಚ್ಚರಿಸಿದ್ದರಿಂದ, ಮಗಳು ಪ್ರತಿ ಸಲವೂ ದಾಸವಾಳದ ಕುಂಡವನ್ನು ಪಂಜರದ ಬಾಗಿಲಿಗೆ ತಾಗಿಸಿಡುತ್ತಿದ್ದಳು. ಈ ಜಾತಿಗೆ ದಾಸವಾಳದ ಎಲೆಯೆಂದರೆ ತಿಂಡಿ. ಪಚ್ಚೆ ತಾನಾಗಿ ಗಿಡಕ್ಕೆ ದಾಟಿದ ಮೇಲೆ ಕುಂಡವನ್ನು ಊಟದ ಮೇಜಿಗೆ ಎತ್ತಿಕೊಂಡು ಬರುತ್ತಿದ್ದೆವು.

ಚುಚ್ಚುವುದಕ್ಕಿಂತ ಕುಡಿಸುವುದು ಕಷ್ಟದ ಕೆಲಸ. ಗಂಟಲನ್ನು ಒತ್ತಿಹಿಡಿದು ಬಾಯಿ ತೆರೆಸಲು ಹೋದರೆ ನಾಲಿಗೆಯನ್ನು ಹೊತ್ತ ಮೂಳೆಗೆ ಪೆಟ್ಟಾಗುತ್ತದೆ. ಆ ಮೂಳೆ ಕೆಟ್ಟರೆ ಗೋಸುಂಬೆ ಮತ್ತೆ ಬೇಟೆಯಾಡಲಾರದು. ಅವರು ತೋರಿಸಿದ ಉಪಾಯವೆಂದರೆ ಅದರ ಸಿಟ್ಟನ್ನೇ ಬಳಸಿಕೊಳ್ಳುವುದು. ಸಿರಿಂಜಿನ ತುದಿಯನ್ನು ಬಾಯಿಯ ಬದಿಗೆ ಮೆಲ್ಲಗೆ ಸೋಕಿಸಿದರೆ ಮೈ ಚಪ್ಪಟೆ ಮಾಡಿ, ಕತ್ತು ಉಬ್ಬಿಸಿ, ಬುಸ್ಸೆಂದು ಬಾಯಿ ತೆರೆಯುತ್ತದೆ. ಆಗ ನಾಲಿಗೆಯ ಪಕ್ಕಕ್ಕೆ ಒಂದು ಹನಿ, ಒಂದೇ ಹನಿ. ಶ್ವಾಸನಾಳದ ಬಾಯಿ ನಾಲಿಗೆಯ ಬುಡದಲ್ಲೇ ತೆರೆದುಕೊಂಡಿರುವುದರಿಂದ, ಪೂರ್ತಿ ಔಷಧವನ್ನು ಒಮ್ಮೆಗೇ ಸುರಿದರೆ ಅದು ಪುಪ್ಪುಸಕ್ಕೆ ಇಳಿಯುವ ಅಪಾಯವಿದೆ. ಒಂದು ಹನಿ ನುಂಗಿ ಬಾಯಿ ಚಪ್ಪರಿಸುವುದನ್ನು ಕಾದು ನೋಡಿ, ಆಮೇಲೆ ಮತ್ತೊಂದು.

ಎರಡನೆಯ ದೂರು ಇಲ್ಲಿ ಬರುತ್ತದೆ. ಕ್ಯಾಲ್ಸಿಯಂ ದ್ರವದ ಬಾಟಲಿಯ ಮೇಲೆ ಡೋಸು 0.09 ಮಿಲಿಲೀಟರ್ ಎಂದು ಅಚ್ಚಾಗಿತ್ತು. ಜೊತೆಗೆ ಕೊಟ್ಟದ್ದು 3 ಮಿಲಿಲೀಟರಿನ ಸಿರಿಂಜ್, ಅದರಲ್ಲಿ ಅತಿ ಸಣ್ಣ ಗೆರೆಯೇ 0.1. ಗೆರೆಗಿಂತ ಒಂದು ಕೂದಲೆಳೆ ಕಡಿಮೆ ಎಂದು ಕಣ್ಣಂದಾಜಿನಲ್ಲಿ ತುಂಬುವ ಹಾಗಿದ್ದರೆ ಅಷ್ಟು ಕರಾರುವಾಕ್ಕಾಗಿ ಲೆಕ್ಕ ಹಾಕಿ ಏನು ಬಂತು? ಔಷಧದ ಅಂಗಡಿಗೆ ಹೋಗಿ 1 ಮಿಲಿಲೀಟರಿನ ಸಿರಿಂಜ್ ತಂದುಕೊಂಡೆವು, ಅದರಲ್ಲಿ ನೂರನೆಯ ಒಂದು ಭಾಗಕ್ಕೂ ಗೆರೆಯಿರುತ್ತದೆ. ಎರಡು ಕಾಸಿನ ವಸ್ತು. ಆದರೆ ನೂರು ಗ್ರಾಮೂ ತೂಗದ ಪ್ರಾಣಿಗೆ ಆ ಒಂದು ಗೆರೆಯೇ ದೊಡ್ಡದು.

ಮೂರನೆಯದು ಇವೆರಡಕ್ಕಿಂತ ಗಂಭೀರ. ಮೂರನೆಯ ಚುಚ್ಚುಮದ್ದಿನ ದಿನ ರಾತ್ರಿ ಪಚ್ಚೆಯ ಬಲ ತೋಳಿನ ಮೇಲೆ ಹೆಸರುಕಾಳಿನಷ್ಟು ಕಪ್ಪು ಕಲೆ ಕಾಣಿಸಿತು. ಮಾಂಸ ಕೊಳೆಯತೊಡಗಿತೋ ಎಂದು ಮನೆಮಂದಿಗೆಲ್ಲ ಗಾಬರಿ. ಕ್ಲಿನಿಕ್‌ಗೆ ಫೋನು ಮಾಡಿದರೆ ಧ್ವನಿಮುದ್ರಿಕೆ; ಅದು ಸೂಚಿಸಿದ ತುರ್ತು ಆಸ್ಪತ್ರೆಗೆ ಮಾಡಿದರೆ, ನಾವು ನಾಯಿ ಮತ್ತು ಬೆಕ್ಕುಗಳನ್ನು ಮಾತ್ರ ನೋಡುತ್ತೇವೆ ಎಂಬ ಉತ್ತರ. ಮರುದಿನ ಬೆಳಿಗ್ಗೆ ಒಂಬತ್ತೂವರೆಗೆ ಸಹಾಯಕಿಯೇ ಕರೆ ಮಾಡಿ, ಗೋಸುಂಬೆಗಳಿಗೆ ಚುಚ್ಚಿದ ಜಾಗದಲ್ಲಿ ಚರ್ಮ ಕಪ್ಪಾಗುವುದುಂಟು, ಊತವೋ ಗಾಯವೋ ಇಲ್ಲದಿದ್ದರೆ ಹೆದರಬೇಡಿ, ಫೋಟೋ ಕಳಿಸಿ ಎಂದು ಸಮಾಧಾನವಾಗಿ ಹೇಳಿದರು. ಫೋಟೋ ನೋಡಿ ವೈದ್ಯೆಯವರೂ ಹಾಗೆಯೇ ಬರೆದರು. ನಾಲ್ಕು ಪುಟಗಳ ಸೂಚನಾಪತ್ರದಲ್ಲಿ ಈ ಒಂದು ಸಾಲು ಇದ್ದಿದ್ದರೆ ಅಂದು ರಾತ್ರಿ ಮಗಳು ಪಂಜರದ ಪಕ್ಕದಲ್ಲಿ ಚಾಪೆ ಹಾಸಿಕೊಂಡು ಎಚ್ಚರವಿರುವ ಪ್ರಸಂಗ ಬರುತ್ತಿರಲಿಲ್ಲ. ಸರೀಸೃಪಗಳನ್ನು ನೋಡದ ಆಸ್ಪತ್ರೆಯ ಸಂಖ್ಯೆಯನ್ನು ಕೊಡುವುದು ಮಾತ್ರ ಯಾವ ರೀತಿಯಲ್ಲೂ ಸಮರ್ಥಿಸಲಾಗದ ಅಜಾಗರೂಕತೆ.

ಆಹಾರದ ವಿಷಯದಲ್ಲಿ ಅವರ ಸಲಹೆ ನಾವು ಎಣಿಸಿದ್ದಕ್ಕೆ ತದ್ವಿರುದ್ಧವಾಗಿತ್ತು. ಬಡಕಲಾದ ಪ್ರಾಣಿಗೆ ಹೇಗಾದರೂ ತಿನ್ನಿಸಬೇಕೆಂದು ನಾವು ತವಕಿಸುತ್ತಿದ್ದರೆ, ಅವರು ಮೊದಲು ನೀರು, ಆಮೇಲೆ ಆಹಾರ ಎಂದರು. ಗೋಸುಂಬೆ ಬಟ್ಟಲಿನ ನೀರು ಕುಡಿಯುವುದಿಲ್ಲ, ಎಲೆಯ ಮೇಲಿನ ಹನಿಯನ್ನು ನೆಕ್ಕುತ್ತದೆ. ಅದರ ಮಲದ ಜೊತೆ ಬರುವ ಬಿಳಿ ಭಾಗ ಕಿತ್ತಳೆಯಾಗಿದ್ದರೆ ನೀರು ಸಾಲದೆಂದು ತಿಳಿಯಬೇಕು. ಅದು ಮತ್ತೆ ಬಿಳಿಯಾದ ನಾಲ್ಕನೆಯ ದಿನದಿಂದ, ಚೇತರಿಕೆಯ ಆಹಾರದ ಪುಡಿಯನ್ನು ತೆಳು ಗಂಜಿಯಂತೆ ಕಲಸಿ, ಹನಿ ಹನಿಯಾಗಿ ಕೊಟ್ಟೆವು. ತಿನ್ನದೆ ಬಿಟ್ಟ ಕ್ರಿಕೆಟ್ ಹುಳುಗಳನ್ನು ರಾತ್ರಿ ಪಂಜರದಲ್ಲಿ ಬಿಡಬೇಡಿ, ನಿತ್ರಾಣವಾದ ಪ್ರಾಣಿಯನ್ನು ಅವೇ ಕಚ್ಚುತ್ತವೆ ಎಂಬ ಮಾತು ನಮಗೆ ಹೊಸದು. ಒಂಬತ್ತನೆಯ ದಿನ ಮಗಳು ಹಾರ್ನ್‌ವರ್ಮ್ ಎಂಬ ಮೆತ್ತನೆಯ ಹಸಿರು ಹುಳುವನ್ನು ಇಕ್ಕಳದಲ್ಲಿ ಹಿಡಿದಾಗ ಪಚ್ಚೆ ಎರಡೂ ಕಣ್ಣುಗಳನ್ನು ಮುಂದಕ್ಕೆ ಜೋಡಿಸಿತು. ನಾಲಿಗೆ ಹೊರಬಂತು, ಅರ್ಧ ದಾರಿಯಲ್ಲೇ ಸೋತು ಕೆಳಗೆ ಜೋತಿತು, ನಿಧಾನವಾಗಿ ಒಳಸರಿಯಿತು. ಕ್ಯಾಲ್ಸಿಯಂ ಕೊರತೆಯಲ್ಲಿ ನಾಲಿಗೆಗೆ ಎಸೆಯುವ ಬಲವಿರುವುದಿಲ್ಲ. ಮಗಳು ಹುಳುವನ್ನು ಎರಡಂಗುಲ ಹತ್ತಿರ ತಂದಳು. ಈ ಸಲ ‘ಚಟ್’ ಎಂಬ ಸದ್ದಿನ ಜೊತೆ ಇಕ್ಕಳ ಖಾಲಿಯಾಯಿತು.

ಹಣದ ಲೆಕ್ಕವನ್ನೂ ಮುಚ್ಚಿಡುವುದಿಲ್ಲ. ತಪಾಸಣೆಗೆ 118, ಎಕ್ಸ್-ರೇಗೆ 164, ರಕ್ತಪರೀಕ್ಷೆಗೆ 92, ಔಷಧ ಮತ್ತು ಸಿರಿಂಜುಗಳಿಗೆ 71, ಒಟ್ಟು 445 ಡಾಲರ್. ಮೂರು ವಾರದ ನಂತರದ ಮರುಭೇಟಿಗೆ 78. ಪ್ರತಿ ಪರೀಕ್ಷೆಗೂ ಮುನ್ನ ಅಂದಾಜು ಪಟ್ಟಿ ತೋರಿಸಿ, ಇದು ಅಗತ್ಯ, ಇದು ಆದರೆ ಒಳ್ಳೆಯದು ಎಂದು ಬಿಡಿಸಿ ಹೇಳಿ, ಸಹಿ ಪಡೆದೇ ಮುಂದುವರಿದರು. ಕೊನೆಯ ಬಿಲ್ಲು ಅಂದಾಜಿಗಿಂತ ಒಂದು ಡಾಲರೂ ಹೆಚ್ಚಾಗಲಿಲ್ಲ. ಪಚ್ಚೆಯನ್ನು ಕೊಂಡದ್ದು 60 ಡಾಲರಿಗೆ. ಆ 60 ಡಾಲರಿನ ಪ್ರಾಣಿಯ ಜೊತೆಗೆ ವರ್ಷಕ್ಕೊಂದು ಹೊಸ ಟ್ಯೂಬ್ ಕೊಳ್ಳಬೇಕೆಂಬುದನ್ನು ಅಂದು ಮಾರಿದವರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಸರೀಸೃಪ ಸಾಕುವ ಆಸೆಯಿರುವ ಮಕ್ಕಳ ತಂದೆತಾಯಿಗಳು ಪ್ರಾಣಿಯ ಬೆಲೆಯ ಪಕ್ಕದಲ್ಲಿ ಈ ಮೊತ್ತವನ್ನೂ ಬರೆದಿಟ್ಟುಕೊಂಡು ತೀರ್ಮಾನಿಸುವುದು ಒಳ್ಳೆಯದು.

ಮರುಭೇಟಿಯ ದಿನ ತೂಕ 95 ಗ್ರಾಂ ಬಂತು. ಬಾಯಿಯೊಳಗೆ ಲೋಳೆಯಿರಲಿಲ್ಲ, ಉಸಿರಿನ ಸದ್ದು ಅಡಗಿತ್ತು. ಬಾಗಿದ ಮುಂಗಾಲು ಮಾತ್ರ ಹಾಗೆಯೇ ಉಳಿಯುತ್ತದೆ, ಅದರಿಂದ ಹತ್ತಲು ತೊಂದರೆಯಿಲ್ಲ ಎಂದರು. ಈ ಸಲ ನಾನು ಕೇಳಿಕೊಂಡಂತೆ ಕಾರಿನಲ್ಲೇ ಕಾಯಲು ಬಿಟ್ಟು, ಸರದಿ ಬಂದಾಗ ಫೋನು ಮಾಡಿ ಕರೆದರು. ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ಕಳೆದ ಒಂದು ಅಂಕದ ಬಹುಪಾಲು ಆ ರಾತ್ರಿಯ ಧ್ವನಿಮುದ್ರಿಕೆಗೆ ಸೇರಿದ್ದು. ಹೋಗುವವರು ಬೆಳಗಿನ ಮೊದಲ ಸರದಿಯನ್ನೇ ಕೇಳಿ ಪಡೆಯಿರಿ, ಆ ಹೊತ್ತಿನಲ್ಲಿ ನಾಯಿಗಳು ಕಡಿಮೆ. 1 ಮಿಲಿಲೀಟರಿನ ಸಿರಿಂಜನ್ನು ಅಲ್ಲಿಯೇ ಕೇಳಿ. ರಾತ್ರಿಯ ಹೊತ್ತು ಸರೀಸೃಪ ನೋಡುವ ಆಸ್ಪತ್ರೆ ಯಾವುದೆಂದು ನೀವೇ ಮೊದಲೇ ವಿಚಾರಿಸಿ ಇಟ್ಟುಕೊಳ್ಳಿ. ನಾವೀಗ ಪ್ಲಾಸ್ಟಿಕ್ ಪರದೆ ಬಿಚ್ಚಿ, ಹೊಸ ಟ್ಯೂಬಿನ ಮೇಲೆ ತಾರೀಖು ಬರೆದು, ವೈದ್ಯೆಯವರ ಮಾತಿನಂತೆ ಪಂಜರದ ತಳದಲ್ಲಿ ಒಂದಡಿ ಆಳದ ಒದ್ದೆ ಮರಳಿನ ತೊಟ್ಟಿ ಇಟ್ಟಿದ್ದೇವೆ. ಏಪ್ರಿಲ್ ಹೊತ್ತಿಗೆ ಮೊಟ್ಟೆ ಕಟ್ಟಬಹುದಂತೆ. ಆಗ ಇನ್ನೊಂದು ಎಕ್ಸ್-ರೇ ತೆಗೆಸಲು ಈಗಾಗಲೇ ದಿನ ಗೊತ್ತಾಗಿದೆ, ಬೆಳಗಿನ ಮೊದಲ ಸರದಿಗೇ.